ಪಿಕಪ್ ಕೊಳ್ಳಲು ಹೊರಟ ಮಗಳಿಗೆ

ಚಿತ್ರದುರ್ಗ

ಪ್ರೀತಿಯ ಮಗಳೇ,

ಟಾಟಾ ಏಸ್ ಸಾಕಾ, ಟಾಟಾ ಇಂಟ್ರಾ ನೋಡಲಾ, ಮಹೀಂದ್ರಾ ಬೊಲೆರೊ ಪಿಕಪ್ಪೇ ಬೇಕಾ ಅಂತ ಕೇಳಿದ್ದೀಯ. ಸಿಸಿ (ಎಂಜಿನ್ ಸೈಜ್) ಲೆಕ್ಕಕ್ಕಿಂತ ಮುಂಚೆ ಚೀಲದ ಲೆಕ್ಕ ಹಾಕು. ಹಿರಿಯೂರಿನಿಂದ ದಾವಣಗೆರೆ ಎಪಿಎಂಸಿಗೆ ನೀನು ಹೆಚ್ಚು ಸಲ ಒಯ್ಯೋದು 50 ಕೆ.ಜಿ.ಯ ಇಪ್ಪತ್ತು ಇಪ್ಪತ್ತೈದು ಈರುಳ್ಳಿ ಚೀಲ. ಅಂದರೆ ಒಂದರಿಂದ ಒಂದೂಕಾಲು ಟನ್, ಹತ್ತಿರ ಹತ್ತಿರ ನೂರು ಕಿಲೋಮೀಟರ್ ಹೈವೇ. ವರ್ಷಕ್ಕೊಮ್ಮೆ ಬೀಳೋ ದೊಡ್ಡ ಲೋಡಿಗೆ ಬಾಡಿಗೆ ಗಾಡಿ ಸಿಗುತ್ತೆ, ಅದಕ್ಕೋಸ್ಕರ ಎಂಜಿನ್ ಕೊಳ್ಳಬೇಡ.

ಹಳೇ ಡೀಸೆಲ್ ಏಸ್ 702 ಸಿಸಿ, ಎರಡು ಸಿಲಿಂಡರ್, 16 ಎಚ್‌ಪಿ. ಹೊರೋದು ಮುಕ್ಕಾಲು ಟನ್ ಆಸುಪಾಸು, ಅಂದರೆ ಹದಿನೈದು ಚೀಲ. ಊರೊಳಗೆ ತರಕಾರಿ, ಹಾಲು, ನೀರಿನ ಕ್ಯಾನಿಗೆ ಅದರಷ್ಟು ಒಳ್ಳೇ ಗಾಡಿ ಇಲ್ಲ. ನಿನ್ನ ದಾರಿಗೆ ಮಾತ್ರ ಬೇಡ. ಆಷಾಢದ ಗಾಳಿ ಪಡುವಣದಿಂದ ಬೀಸುವಾಗ ದುರ್ಗ ದಾಟಿ ದಾವಣಗೆರೆ ಕಡೆ ಹೋಗೋ ಗಾಡಿಗೆ ಅದು ಎದುರುಗಾಳಿ. ಕ್ಯಾಬಿನ್‌ಗಿಂತ ಎತ್ತರಕ್ಕೆ ಚೀಲ ಪೇರಿಸಿದರೆ ಸಣ್ಣ ಎಂಜಿನ್ ದಾರಿಯುದ್ದಕ್ಕೂ ಫುಲ್ ಆಕ್ಸಿಲರೇಟರ್‌ನಲ್ಲೇ ಏದುಸಿರು ಬಿಡುತ್ತೆ. ಆಗ ಮೈಲೇಜೂ ಇಲ್ಲ, ಎಂಜಿನ್ನಿಗೆ ಆಯಸ್ಸೂ ಇಲ್ಲ.

ಬೊಲೆರೊ ಪಿಕಪ್ 2523 ಸಿಸಿ, ನಾಲ್ಕು ಸಿಲಿಂಡರ್. ಕಡಿಮೆ ಆರ್‌ಪಿಎಂನಲ್ಲೇ ಎಳೆತ ಸಿಗೋದರಿಂದ ಹೊಲದ ಕೆಸರಿನಿಂದ ಲೋಡ್ ಸಮೇತ ಎದ್ದು ಬರುತ್ತೆ, ಯಾವ ಹಳ್ಳಿಯಲ್ಲಾದರೂ ಮೆಕ್ಯಾನಿಕ್ ಸಿಗ್ತಾನೆ. ಮನೆ ಮುಂದೆ ನಿಂತರೆ ಒಂದು ಗತ್ತು ಬೇರೆ. ಆದರೆ ಗತ್ತಿಗೂ ಡೀಸೆಲ್ ಹಾಕಬೇಕಲ್ಲ! ತಿಂಗಳಿಗೆ 2,000 ಕಿ.ಮೀ. ಓಡಿಸ್ತೀಯ ಅಂದುಕೋ. ಲೀಟರಿಗೆ 12 ಕೊಡೋ ಗಾಡಿಗೂ 15 ಕೊಡೋ ಗಾಡಿಗೂ ತಿಂಗಳಿಗೆ 33 ಲೀಟರ್ ವ್ಯತ್ಯಾಸ. ದಿನಾ ಮೂವತ್ತು ಚೀಲ ಇದ್ದರೆ ಬೊಲೆರೊ ಸರಿ. ಇಪ್ಪತ್ತೈದಕ್ಕೆ ಒಂದೂವರೆ ಲೀಟರ್, ಅಂದರೆ 1500 ಸಿಸಿ ವರ್ಗದ ಎಂಜಿನ್ನೇ ಹೊಂದುತ್ತೆ: ಅಶೋಕ್ ಲೇಲ್ಯಾಂಡ್ ದೋಸ್ತ್ (1478 ಸಿಸಿ, ಮೂರು ಸಿಲಿಂಡರ್) ಅಥವಾ ಇಂಟ್ರಾ ವಿ30 (1496 ಸಿಸಿ, ನಾಲ್ಕು ಸಿಲಿಂಡರ್). ಬರೀ ಸಿಸಿ ನಂಬಬೇಡ. ಇಂಟ್ರಾ ವಿ30, ವಿ50 ಎರಡೂ 1496 ಸಿಸಿನೇ. ಟಾರ್ಕ್ (ಎಳೆಯೋ ಬಲ) ಮಾತ್ರ ವಿ30ಗೆ 140, ವಿ50ಗೆ 220 ನ್ಯೂಟನ್ ಮೀಟರ್.

ಇನ್ನು ಸೆಕೆಂಡ್ ಹ್ಯಾಂಡ್ ಮಾತು. ಇಲ್ಲಿ ಎಂಜಿನ್ ಸೈಜಿಗಿಂತ ಅದು ಹಿಂದೆ ಏನು ಹೊತ್ತಿದೆ ಅನ್ನೋದೇ ದೊಡ್ಡದು. ಮೀಟರ್ ಹಿಂದಕ್ಕೆ ತಿರುಗಿಸಬಹುದು, ಪಾಟಾ (ಭಾರ ಹೊರೋ ಎಲೆ ಎಲೆ ಸ್ಪ್ರಿಂಗ್) ಸುಳ್ಳು ಹೇಳಲ್ಲ. ಗಾಡಿ ಕೆಳಗೆ ಬಗ್ಗಿ ನೋಡು. ಹಿಂದಿನ ಪಾಟಾದಲ್ಲಿ ಒಂದೆರಡು ಎಲೆ ಹೊಸದಾಗಿ, ಬೇರೆ ದಪ್ಪದ್ದು ಸೇರಿದ್ದರೆ ಅದು ಓವರ್‌ಲೋಡ್ ಹೊಡೆದ ಗಾಡಿ. ಪಾಟಾ ಬ್ರ್ಯಾಕೆಟ್ ಹತ್ತಿರ ಚಾಸಿಗೆ ವೆಲ್ಡಿಂಗ್ ಕಂಡರೆ ಬೆಲೆ ಮಾತಾಡದೆ ಎದ್ದು ಬಾ.

ಎಂಜಿನ್ ನೋಡೋಕೆ ಬೆಳಿಗ್ಗೆನೇ ಹೋಗು, ಹೋದ ಕೂಡಲೇ ಎಂಜಿನ್ ಮೇಲೆ ಕೈ ಇಡು. ಬಿಸಿ ಇದ್ದರೆ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂತಲೇ ಅರ್ಥ, ಇನ್ನೊಂದು ದಿನ ಬರ್ತೀನಿ ಅನ್ನು. ತಣ್ಣಗಿದ್ದಾಗಲೇ ರೇಡಿಯೇಟರ್ ಮುಚ್ಚಳ ತೆಗೆದು ನೋಡು, ನೀರಿನ ಮೇಲೆ ಎಣ್ಣೆ ಪದರ ಇದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ತಲೆಭಾಗದ ಸೀಲ್) ಅನುಮಾನ. ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟು, ಐಡಲ್‌ನಲ್ಲೇ ಆಯಿಲ್ ಹಾಕೋ ಮುಚ್ಚಳ ತಿರುಗಿಸಿ ಹಾಗೇ ಮೇಲೆ ಇಡು. ಸಣ್ಣಗೆ ಅದುರಿದರೆ ಪರವಾಗಿಲ್ಲ. ಮುಚ್ಚಳ ಕುಣಿದು, ಬುಸ್ ಬುಸ್ ಅಂತ ಹೊಗೆ ಬಂದರೆ ಬ್ಯಾಕ್ ಕಂಪ್ರೆಷನ್: ರಿಂಗು, ಬೋರು ಸವೆದು ಉರಿದ ಗ್ಯಾಸ್ ಕೆಳಗೆ ಇಳೀತಿದೆ. ಓವರ್‌ಲೋಡ್ ಹೊಡೆದ ಸಣ್ಣ ಎಂಜಿನ್‌ನಲ್ಲಿ ಇದು ಬೇಗ ಬರುತ್ತೆ. ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಇದ್ದರೆ ಆಯಿಲ್ ಸುಡ್ತಿದೆ. ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬೋ ಭಾಗ) ಇರೋ ಗಾಡಿಯಲ್ಲಿ ಇಂಟರ್‌ಕೂಲರ್ ಪೈಪ್ ಬಿಚ್ಚಿಸಿ ನೋಡು. ತೆಳ್ಳಗೆ ಜಿಡ್ಡು ಸಹಜ, ಆಯಿಲ್ ನಿಂತಿದ್ದರೆ ಟರ್ಬೊ ಸೀಲ್ ಹೋಗಿರಬಹುದು. ಕ್ಲಚ್ ನೋಡೋಕೆ ಹ್ಯಾಂಡ್‌ಬ್ರೇಕ್ ಎಳೆದು ಮೂರನೇ ಗೇರ್‌ನಲ್ಲಿ ಕ್ಲಚ್ ಬಿಡು. ಎಂಜಿನ್ ಆಫ್ ಆಗಬೇಕು. ಆಗದೆ ಓಡ್ತಾ ಇದ್ದರೆ ಪ್ಲೇಟ್ ಜಾರ್ತಿದೆ.

2020ರ ಏಪ್ರಿಲ್ ನಂತರದ ಬಿಎಸ್6 (ಹೊಸ ಹೊಗೆ ನಿಯಮದ) ಡೀಸೆಲ್ ಆದರೆ ಇನ್ನೊಂದು ಕೆಲಸ. ಕೀ ಆನ್ ಮಾಡಿದಾಗ ಎಂಜಿನ್ ಲೈಟ್ ಹತ್ತಬೇಕು, ಸ್ಟಾರ್ಟ್ ಆದಮೇಲೆ ಆರಬೇಕು. ಹತ್ತೋದೇ ಇಲ್ಲ ಅಂದರೆ ದೋಷ ಕಾಣದ ಹಾಗೆ ಯಾರೋ ಅದರ ಬಾಯಿ ಮುಚ್ಚಿಸಿದ್ದಾರೆ. ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ಇರೋ ಗಾಡಿ ಊರೊಳಗೇ ಕುಂಟುತ್ತಾ ಓಡಿದ್ದರೆ ಮಸಿ ಕಟ್ಟಿರುತ್ತೆ. ನಿನ್ನ ಹೈವೇ ಓಟ ಅದಕ್ಕೆ ಒಳ್ಳೇದೇ.

ಆರ್‌ಸಿಯಲ್ಲಿ (ನೋಂದಣಿ ಪತ್ರ) ಕ್ಯೂಬಿಕ್ ಕೆಪಾಸಿಟಿ, ಅಂದರೆ ಸಿಸಿ, ನೋಡು; ಎಂಜಿನ್ ನಂಬರನ್ನು ಗಾಡಿ ಮೇಲಿನ ನಂಬರ್ ಜತೆ ಹೋಲಿಸು. ಲೇಡನ್ ವೇಯ್ಟ್‌ನಲ್ಲಿ ಅನ್‌ಲೇಡನ್ ವೇಯ್ಟ್ ಕಳೆದರೆ, ಅಂದರೆ ಲೋಡ್ ಸೇರಿದ ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆದರೆ, ಉಳಿಯೋದೇ ನಿನ್ನ ಹಕ್ಕಿನ ಲೋಡ್. ಆಮೇಲೆ ಕಟ್ಟಿಸಿದ ಕಬ್ಬಿಣದ ಜಾಲರಿಯ ತೂಕ ಅದರೊಳಗಿಂದಲೇ ಹೋಗುತ್ತೆ. ಮೀರಿದರೆ ಕಾಯ್ದೆ ಪ್ರಕಾರ ದಂಡ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ ಇನ್ನೂ 2,000. ಎಂಟು ವರ್ಷ ದಾಟಿದ ಗಾಡಿಗೆ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನೋ ಪತ್ರ) ವರ್ಷ ವರ್ಷ, ಆ ಖರ್ಚನ್ನೂ ಬೆಲೆಯಲ್ಲಿ ಇಳಿಸು. ಸಾಲ ಇದ್ದ ಗಾಡಿಯಾದರೆ ಬ್ಯಾಂಕಿನ ಎನ್‌ಒಸಿ, ಫಾರಂ 35 (ಸಾಲ ತೀರಿತು ಅನ್ನೋ ಕಾಗದಗಳು) ಕೈಗೆ ಬರೋವರೆಗೂ ಪೂರ್ತಿ ದುಡ್ಡು ಕೊಡಬೇಡ.

ಡ್ರೈವರ್ ಬೇಕಾ ಅಂತಲೂ ನೀನು ಕೇಳಿದ್ದೀಯ. ಬೇಡ. ಲೋಡ್ ಸೇರಿ 7,500 ಕೆ.ಜಿ. ಒಳಗಿನ ಸರಕು ಗಾಡಿಗೆ ನಿನ್ನ ಎಲ್‌ಎಂವಿ (ಲಘು ವಾಹನ) ಲೈಸೆನ್ಸೇ ಸಾಕು ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ಮೇಲೆ ಹೇಳಿದ ಗಾಡಿಗಳೆಲ್ಲ ಆ ತೂಕದ ಒಳಗೇ ಬರುತ್ತವೆ.

ಅವ್ವ