ಶೀನಾ ರಿಂಗೋ ಹಾಡಿನಲ್ಲಿ ಶ್ರುತಿ ಎಲ್ಲಿದೆ? ಫುಕುಓಕಾದಿಂದ ಅಪ್ಪನಿಗೆ

ಫುಕುಓಕಾ
16 ಜೂನ್ 2024

ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗಳು ವಸುಧಾ ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮವಾಗಿದ್ದೇನೆ. ಅಮ್ಮನ ಮೊಣಕಾಲು ನೋವು ಕಡಿಮೆಯಾಗಿರುವ ಸಂಗತಿ ತಮ್ಮನಿಂದ ತಿಳಿದು ಸಮಾಧಾನವಾಯಿತು.

ನಾನು ಕಳಿಸಿದ, ಜಪಾನಿ ಗಾಯಕಿ ಶೀನಾ ರಿಂಗೋ ಅವರ ಹಾಡುಗಳನ್ನು ಕೇಳಿ ನೀವು ಬರೆದ ಉತ್ತರ ಒಂದೇ ಸಾಲಿನದು: "ಇದರಲ್ಲಿ ಶ್ರುತಿ ಎಲ್ಲಿದೆ, ಮಗಳೇ?" ನೀವು ಅದನ್ನು ತಮಾಷೆಗೆ ಬರೆದಿದ್ದರೂ ನಾನು ನಿಜವಾದ ಪ್ರಶ್ನೆಯೆಂದೇ ತೆಗೆದುಕೊಂಡಿದ್ದೇನೆ. ಎಂಟನೇ ಕ್ರಾಸಿನ ಗಣೇಶೋತ್ಸವದ ಕಚೇರಿಗಳಲ್ಲಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗಾಯಕರು ರಾಗಕ್ಕೆ ಸೇರದ ಅನ್ಯಸ್ವರ ಹಿಡಿದ ಕೂಡಲೇ ಮೊಣಕೈಯಿಂದ ತಿವಿದು ಎಚ್ಚರಿಸುತ್ತಿದ್ದವರು ನೀವು. ಆ ಕಿವಿ ಈ ಗಾಯಕಿಯನ್ನು ಗದ್ದಲವೆಂದು ತಳ್ಳಿಹಾಕಿದರೆ ನನಗೆ ಸುಮ್ಮನಿರಲು ಆಗುವುದಿಲ್ಲ.

ಶೀನಾ ರಿಂಗೋ ಹುಟ್ಟಿದ್ದು 1978ರ ನವೆಂಬರಿನಲ್ಲಿ, ತೋಕಿಯೊ ಪಕ್ಕದ ಸೈತಾಮಾದಲ್ಲಿ. ಆದರೆ ಹುಡುಗಿಯಾಗಿ ಬೆಳೆದು ಹಾಡಲು ತೊಡಗಿದ್ದು ನಾನೀಗ ಇರುವ ಈ ಫುಕುಓಕಾದಲ್ಲಿ. ಚಿಕ್ಕಂದಿನಲ್ಲಿ ಕಲಿತದ್ದು ಪಿಯಾನೊ ಮತ್ತು ಬ್ಯಾಲೆ. ಈ ಊರಿಗೆ ರಾಕ್ ಸಂಗೀತದ ಹಳೆಯ ನಂಟಿದೆ. ಎಪ್ಪತ್ತರ ದಶಕದ ಕೊನೆಯಿಂದ ಇಲ್ಲಿ ಬೆಳೆದ ಒರಟು ಧಾಟಿಯ ರಾಕ್‌ಗೆ "ಮೆಂತೈ ರಾಕ್" ಎಂದೇ ಹೆಸರು. ಮೆಂತೈ ಎಂದರೆ ಖಾರ ಹಚ್ಚಿದ ಮೀನಿನ ಮೊಟ್ಟೆ, ಈ ಊರಿನ ಹೆಮ್ಮೆಯ ತಿನಿಸು. ಅಮ್ಮನಿಗೆ ಈ ವಾಕ್ಯವನ್ನು ಓದಿ ಹೇಳಬೇಡಿ. ರಿಂಗೋ ಅವರ ಮೊದಲ ಧ್ವನಿಮುದ್ರಿಕೆ ಬಂದದ್ದು 1998ರಲ್ಲಿ, ಮೊದಲ ಆಲ್ಬಂ ಮರುವರ್ಷ. 2000ದಲ್ಲಿ ಬಂದ ಎರಡನೆಯ ಆಲ್ಬಂ 20 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. 2016ರಲ್ಲಿ ರಿಯೊ ಒಲಿಂಪಿಕ್ಸಿನ ಸಮಾರೋಪದಲ್ಲಿ ಜಪಾನಿನ ಪ್ರಧಾನಿ ಕೆಂಪು ಟೋಪಿ ಹಾಕಿಕೊಂಡು ಹಸಿರು ಕೊಳವೆಯೊಳಗಿಂದ ಮೇಲೆದ್ದು ಬಂದದ್ದನ್ನು ಟಿ.ವಿ.ಯಲ್ಲಿ ನೋಡಿ ನೀವು ನಕ್ಕಿದ್ದಿರಲ್ಲ, ಆ ಕಾರ್ಯಕ್ರಮದ ಸಂಗೀತದ ಹೊಣೆ ಇವರದಾಗಿತ್ತು.

ಈಗ ಶ್ರುತಿಯ ಮಾತು. ಕಳೆದ ತಿಂಗಳು ಬಂದ ಇವರ ಹೊಸ ಆಲ್ಬಮಿಗೆ ಹೋಗುವ ಮೊದಲು ಮೊದಲ ಆಲ್ಬಮಿನ ಒಂದು ಹಾಡಿನಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ಇವರ ಹಾಡು ಕಟ್ಟುವ ರೀತಿಯ ಗುಟ್ಟು ಅಲ್ಲಿಯೇ ಇದೆ. ಹಾಡಿನ ಹೆಸರು "ಮಾರುನೊಉಚಿ ಸ್ಯಾಡಿಸ್ಟಿಕ್". ಅದರ ಆಧಾರ ಬಹುಮಟ್ಟಿಗೆ ನಮ್ಮ ಶಂಕರಾಭರಣ ರಾಗದ ಸ್ವರಗಳೇ. ಇವರು ಒಂದೇ ಕಾಲಕ್ಕೆ ಮೂರು ನಾಲ್ಕು ಸ್ವರಗಳನ್ನು ಸೇರಿಸಿ ನುಡಿಸುವ ಗುಚ್ಛಕ್ಕೆ ಕಾರ್ಡ್ ಎನ್ನುತ್ತಾರೆ. ಈ ಹಾಡಿನಲ್ಲಿ ಅಂಥ ಗುಚ್ಛಗಳು ಮಧ್ಯಮ, ಗಾಂಧಾರ, ಧೈವತ, ಷಡ್ಜಗಳ ಮೇಲೆ ಇದೇ ಕ್ರಮದಲ್ಲಿ ನಿಂತು, ಮತ್ತೆ ಮಧ್ಯಮಕ್ಕೆ ಮರಳಿ ಸುತ್ತುತ್ತಿರುತ್ತವೆ. ಗಾಂಧಾರದ ಮೇಲಿನ ಗುಚ್ಛದಲ್ಲಿ ಶಂಕರಾಭರಣಕ್ಕೆ ಸೇರದ ಶುದ್ಧ ಧೈವತ ಅನ್ಯಸ್ವರವಾಗಿ ನುಸುಳುತ್ತದೆ, ಮತ್ತು ಮುಂದಿನ ಗುಚ್ಛ ಬರುತ್ತಿದ್ದಂತೆ ಅದು ಚತುಶ್ಶ್ರುತಿ ಧೈವತಕ್ಕೆ ಏರಿ ನೆಲೆ ಕಾಣುತ್ತದೆ. ಕೊನೆಯ ಗುಚ್ಛ ಆಧಾರಸ್ವರವಾದ ಷಡ್ಜದ ಮೇಲೆಯೇ ಇರುವುದರಿಂದ ಅಲ್ಲಿ ವಿಶ್ರಾಂತಿ ಸಿಗಬೇಕು. ಆದರೆ ಕಾಕಲಿ ನಿಷಾದ ಇರಬೇಕಾದ ಜಾಗದಲ್ಲಿ ಅದಕ್ಕಿಂತ ತಗ್ಗಿನ ಕೈಶಿಕಿ ನಿಷಾದವನ್ನು ಇಟ್ಟಿರುವುದರಿಂದ ಆ ನಿಷಾದ ಧೈವತಕ್ಕೆ ಜಾರಲು ಕಾತರಿಸುತ್ತದೆ, ಗಾಂಧಾರ ಮಧ್ಯಮಕ್ಕೆ ಏರಲು ತವಕಿಸುತ್ತದೆ, ಷಡ್ಜಕ್ಕೆ ಬಂದರೂ ಮನೆಗೆ ಬಂದಂತಾಗುವುದಿಲ್ಲ. ಹಾಗಾಗಿ ಈ ಹಾಡಿಗೆ ಮುಗಿಯುವ ಮನಸ್ಸೇ ಇಲ್ಲವೆಂಬಂತೆ ಕೇಳಿಸುತ್ತದೆ. ಈ ಜೋಡಣೆ ರಿಂಗೋ ಅವರ ಸ್ವಂತದ್ದೇನಲ್ಲ, ಅಮೆರಿಕದ ಹಾಡುಗಳಲ್ಲಿ ಇವರಿಗಿಂತ ಮೊದಲೇ ಇತ್ತು. ಆದರೂ ಜಪಾನಿನ ಹೊಸ ಪೀಳಿಗೆಯ ಸಂಗೀತಗಾರರು ಅದನ್ನು ಈ ಹಾಡಿನ ಹೆಸರಿನಿಂದಲೇ ಕರೆಯುತ್ತಾರೆ. ತಂಬೂರಿ ಹಿಡಿದುಕೊಡುವ ಷಡ್ಜವನ್ನು ಹುಡುಕಿದ ನಿಮ್ಮ ಕಿವಿಗೆ ಅದು ಸಿಗದಿದ್ದುದರಲ್ಲಿ ಆಶ್ಚರ್ಯವಿಲ್ಲ. ಷಡ್ಜ ಅಲ್ಲಿಯೇ ಇದೆ; ಅದನ್ನು ಬೇಕೆಂದೇ ಅಸ್ಥಿರವಾಗಿ ಇಟ್ಟಿದ್ದಾರೆ.

ಲೆಕ್ಕಾಚಾರದ ಈ ಪ್ರವೃತ್ತಿ ಅವರ ಆಲ್ಬಮುಗಳ ರಚನೆಯಲ್ಲಿಯೂ ಕಾಣುತ್ತದೆ. ಎರಡನೆಯ ಆಲ್ಬಮಿನಲ್ಲಿ 13 ಹಾಡುಗಳಿದ್ದು, ಏಳನೆಯದನ್ನು ನಡುವೆ ಇಟ್ಟು ಎರಡೂ ಕಡೆಯ ಶೀರ್ಷಿಕೆಗಳು ಬರಹದಲ್ಲಿ ಕನ್ನಡಿಯ ಬಿಂಬದಂತೆ ಹೊಂದಿಕೊಳ್ಳುತ್ತವೆ. ಒಟ್ಟು ಅವಧಿ 55 ನಿಮಿಷ 55 ಸೆಕೆಂಡು. 2003ರ ಮೂರನೆಯ ಆಲ್ಬಮಿನದು 44 ನಿಮಿಷ 44 ಸೆಕೆಂಡು. ಇದು ಸ್ವಲ್ಪ ಗೀಳು ಎಂದು ನನಗೂ ಅನಿಸುತ್ತದೆ. ಆದರೆ ಕಿರುಚಾಟವೆಂದು ನಿಮಗೆ ಕೇಳಿಸಿದ್ದರ ಹಿಂದೆ ಇಂಥ ಶಿಸ್ತು ಇದೆ ಎಂಬುದು ಗಮನದಲ್ಲಿರಲಿ.

ಮೇ 29ರಂದು ಬಂದ ಹೊಸ ಆಲ್ಬಮಿನ ಹೆಸರು "ಹೋಜೋಯಾ". ಅದು ಈ ಊರಿನ ಹಾಕೊಝಾಕಿ ದೇಗುಲದಲ್ಲಿ ಪ್ರತಿ ವರ್ಷ ಸೆಪ್ಟೆಂಬರ್ 12ರಿಂದ 18ರವರೆಗೆ ನಡೆಯುವ ಜಾತ್ರೆಯ ಹೆಸರು. ಹಿಡಿದ ಜೀವಿಗಳನ್ನು ಬಿಡುಗಡೆ ಮಾಡುವ ಬೌದ್ಧ ಆಚರಣೆ ಅದರ ಮೂಲ. ದೇಗುಲದ ದಾರಿಯುದ್ದಕ್ಕೂ ನೂರಾರು ಅಂಗಡಿಗಳು ಏಳುತ್ತವೆ, ಹಸಿ ಶುಂಠಿಯ ಕಟ್ಟುಗಳನ್ನು ಮಾರುತ್ತಾರೆ. 2019ರಲ್ಲಿ ಬಂದ ಹಿಂದಿನ ಆಲ್ಬಮಿನ ವಸ್ತುವಂತೂ ನಿಮಗೆ ವಿವರಿಸಬೇಕಾಗಿಯೇ ಇಲ್ಲ: ಬೌದ್ಧರು ಮೂರು ವಿಷಗಳೆಂದು ಕರೆಯುವ ರಾಗ (ಅಂದರೆ ಆಸೆ), ದ್ವೇಷ, ಮೋಹಗಳು. ಅದರ ಮೊದಲ ಹಾಡಿನ ಹೆಸರಿನಲ್ಲಿ ಈ ಮೂರರ ಸಂಕೇತಗಳಾದ ಹುಂಜ, ಹಾವು, ಹಂದಿಗಳಿವೆ. ಹಾಡು ಆರಂಭವಾಗುವುದು ಪ್ರಜ್ಞಾಪಾರಮಿತಾ ಹೃದಯ ಸೂತ್ರದ ಪಠಣದಿಂದ. ವಿಷಗಳಾದ ಮೇಲೆ ಬಿಡುಗಡೆ ಬರುವುದು ಕಾಕತಾಳೀಯವೆಂದು ನಾನು ನಂಬಲಾರೆ.

ಎರಡು ಆಲ್ಬಮುಗಳ ನಿಜವಾದ ಸಂಬಂಧ ಮಾತ್ರ ದನಿಗಳಲ್ಲಿದೆ, ನನಗೆ ಹೆಚ್ಚು ಹಿಡಿಸಿದ್ದೂ ಅದೇ. ಹಿಂದಿನದರಲ್ಲಿ ಸಮಸಂಖ್ಯೆಯ ಆರು ಹಾಡುಗಳನ್ನು ಅವರು ಆರು ಮಂದಿ ಗಂಡಸರೊಂದಿಗೆ ಹಾಡಿದ್ದರು. ಅವರಲ್ಲಿ ಇದೇ ಫುಕುಓಕಾದಲ್ಲಿ ತಂಡ ಕಟ್ಟಿದ ಮುಕಾಯಿ ಶುತೊಕು ಅವರೂ ಒಬ್ಬರು. ಗಂಡು ದನಿ ಕೆಳಗೆ, ಹೆಣ್ಣು ದನಿ ಮೇಲೆ ನಿಂತರೆ ವ್ಯತ್ಯಾಸ ತಾನಾಗಿಯೇ ಹುಟ್ಟುತ್ತದೆ, ಅದರಲ್ಲಿ ಹೆಚ್ಚಿನ ಶ್ರಮವಿಲ್ಲ. ಹೊಸ ಆಲ್ಬಮಿನಲ್ಲಿ ಅವರ ಜೊತೆಗೆ ಹಾಡಿರುವವರೆಲ್ಲ ಹೆಂಗಸರು. ಒಂದೇ ಸ್ಥಾಯಿಯಲ್ಲಿ ಓಡಾಡುವ ಎರಡು ಹೆಣ್ಣು ದನಿಗಳನ್ನು ಸ್ಥಾಯಿಯ ಬಲದಿಂದ ಬೇರ್ಪಡಿಸಲಾಗದು; ನಾದದ ಗುಣ, ಉಸಿರು, ಅಕ್ಷರಗಳನ್ನು ಉಚ್ಚರಿಸುವ ರೀತಿ, ಇವುಗಳನ್ನೇ ನೆಚ್ಚಬೇಕಾಗುತ್ತದೆ. ನಮ್ಮ ದ್ವಂದ್ವ ಗಾಯನದಲ್ಲಿ ಎರಡು ಕಂಠಗಳು ಒಂದೇ ಎನ್ನಿಸುವಷ್ಟು ಬೆರೆತರೆ ನೀವು ತಲೆದೂಗುತ್ತೀರಿ, ಅಕ್ಕತಂಗಿಯರ ಜೋಡಿಗಳು ಅದಕ್ಕೇ ಅಷ್ಟು ಹೆಸರಾದವು. ರಿಂಗೋ ಬಯಸುವುದು ಬೆರೆಯದ ದನಿಗಳನ್ನು.

ಅವರು ಆರಿಸಿಕೊಂಡವರನ್ನು ನೋಡಿ. ನೊಚ್ಚಿ ಎಂಬವರು ಪರ್ಫ್ಯೂಮ್ ಎಂಬ ಮೂವರ ತಂಡದವರು. ಆ ತಂಡದ ದನಿಗಳನ್ನು ಯಂತ್ರದಲ್ಲಿ ಸಂಸ್ಕರಿಸಿದ ರೂಪದಲ್ಲಿಯೇ ಜನ ಹೆಚ್ಚಾಗಿ ಕೇಳಿರುವುದು. ಇಲ್ಲಿ ಬಾಕ್ಸಿಂಗಿನ ಹೆಸರು ಹೊತ್ತ ಹಾಡಿನಲ್ಲಿ ಅವರ ದನಿ ಗಮಕವಿಲ್ಲದೆ, ನೇರವಾಗಿ, ಗೆರೆ ಎಳೆದಂತೆ ಬರುತ್ತದೆ, ಮತ್ತು ಪಕ್ಕದಲ್ಲಿ ರಿಂಗೋ ತಮ್ಮ ಮೂಗಿನ ಸ್ವರದ ಮೊನಚನ್ನು ತಿರುಗಿಸುತ್ತ ಹೋಗುತ್ತಾರೆ. ಆಯ್ ಎಂಬ ಗಾಯಕಿಯದು ಎದೆಯಾಳದಿಂದ ಏಳುವ ದಪ್ಪ ದನಿ, ಅಮೆರಿಕದ ಕರಿಯರ ಚರ್ಚುಗಳ ಹಾಡಿಕೆಯ ಗುಣ ಅದರಲ್ಲಿದೆ. ಅವರೊಡನೆ ಹಾಡುವಾಗ ರಿಂಗೋ ತಮ್ಮ ದನಿಯನ್ನು ತೆಳ್ಳಗಾಗಿಸಿ, ಜಾಗ ಬಿಟ್ಟುಕೊಡುತ್ತಾರೆ. ದಾಓಕೊ ಪಿಸುಮಾತಿನಂತೆ ಲಯದಲ್ಲಿ ಮಾತಾಡುವವರು. ಅಕಾರ್ಡಿಯನ್ ನುಡಿಸುವ ಅಕ್ಕನೊಡನೆ ಹಾಡುವ ಮೊಮೊ ಅವರದು ರಂಗಭೂಮಿಯ ಬನಿಯಿರುವ ಕಂಠ. ನಾಕಾಜಿಮಾ ಇಕ್ಯೂ ಎಂಬವರು ಕ್ಯೋಟೊದ ಟ್ರೈಕಾಟ್ ತಂಡದವರು. ಆ ತಂಡ ಐದು, ಏಳರ ಎಣಿಕೆಗಳಲ್ಲಿ ಲಯವನ್ನು ಮುರಿದು ಕಟ್ಟುವುದರಲ್ಲಿ ಹೆಸರಾದದ್ದು, ಹಾಗಾಗಿ ಖಂಡ, ಮಿಶ್ರ ನಡೆಗಳನ್ನು ಪ್ರೀತಿಸುವ ನಿಮಗೆ ಆ ತಂಡವನ್ನೂ ಪ್ರತ್ಯೇಕವಾಗಿ ಕೇಳಿಸಬೇಕೆಂದಿದ್ದೇನೆ. ಇಕ್ಯೂ ಹಾಡಿರುವ ಹಾಡಿನ ಶೀರ್ಷಿಕೆ ಬಂದದ್ದು "ಇರೋಹಾ" ಎಂಬ ಹಳೆಯ ಪದ್ಯದಿಂದ. ಜಪಾನಿ ಅಕ್ಷರಗಳನ್ನೆಲ್ಲ ಒಂದೊಂದೇ ಸಲ ಬಳಸಿ, ಹೂವು ಉದುರುವಂತೆ ಎಲ್ಲವೂ ಅನಿತ್ಯ ಎಂದು ಹೇಳುವ ಆ ಪದ್ಯವನ್ನು ನಿಮ್ಮಂಥ ಚಿತ್ರಕವಿತ್ವದ ಪ್ರೇಮಿಗಳು ಖಂಡಿತ ಮೆಚ್ಚುವಿರಿ.

ರಿಂಗೋ ಅವರ ದನಿಯ ಬಗ್ಗೆಯೂ ಒಂದು ಮಾತು. ಜಪಾನಿ ಭಾಷೆಯ ರಕಾರ ಮೆದು, ಲಕಾರಕ್ಕೂ ಅದಕ್ಕೂ ನಡುವೆ ಎಲ್ಲೋ ಇರುತ್ತದೆ. ಅದನ್ನು ನಾಲಿಗೆ ಅದುರಿಸಿ ಉರುಳಿಸುವುದು ಇಲ್ಲಿ ಪುಂಡರ ಮಾತಿನ ಲಕ್ಷಣವೆಂದೇ ಲೆಕ್ಕ. ರಿಂಗೋ ಬೇಕಾದಲ್ಲಿ ರಕಾರವನ್ನು ಹಾಗೆಯೇ ಉರುಳಿಸುತ್ತಾರೆ. ನಮಗೆ ಅದು ಸಹಜವಾದ ಉಚ್ಚಾರಣೆ ಎನ್ನಿಸಿದರೆ ಇಲ್ಲಿನವರಿಗೆ ಮೈ ಜುಮ್ಮೆನ್ನುತ್ತದೆ. ಮೊದಲ ವರ್ಷಗಳಲ್ಲಿ ಮೆಗಾಫೋನ್ ಹಿಡಿದು ಕೂಗುತ್ತಿದ್ದವರು ಈಗ ಅಂಥ ಸಾಧನವಿಲ್ಲದೆ, ಒಂದು ಅಕ್ಷರದಿಂದಲೇ ಆ ಕೆಲಸ ಮಾಡಿಸುತ್ತಾರೆ.

ಆಲ್ಬಂ ದೋಷವಿಲ್ಲದ್ದೇನೂ ಅಲ್ಲ. ವಾದ್ಯಗಳೆಲ್ಲ ಒಟ್ಟಿಗೆ ಮಾತಾಡುವ ಕಡೆ ನನಗೆ ಉಸಿರುಕಟ್ಟುತ್ತದೆ. ಒಂದು ಸಾಲಿನ ನಂತರ ನಿಲುಗಡೆ ಬೇಕೆನ್ನಿಸುವಷ್ಟರಲ್ಲಿ ಇನ್ನೊಂದು ಅಲಂಕಾರ ಬಂದು ಕೂರುತ್ತದೆ. ಶಾಲೆಯ ಸಮವಸ್ತ್ರದಲ್ಲಿ ಕುಣಿಯುತ್ತ ಹಾಡುವ ಹುಡುಗಿಯರ ತಂಡವೊಂದು ಜೊತೆಗೂಡಿದ ಹಾಡು ಹುರುಪಿನದಾದರೂ ಎರಡನೆಯ ಸಲಕ್ಕೆ ಸಪ್ಪೆಯಾಯಿತು. ಆದರೆ 26 ವರ್ಷಗಳಿಂದ ಹಾಡುತ್ತಿರುವ, ತಮ್ಮ ಹೆಸರೊಂದರಿಂದಲೇ ಸಭಾಂಗಣ ತುಂಬಿಸಬಲ್ಲ ಗಾಯಕಿ, ತಮ್ಮ ಆಲ್ಬಮಿನ ಅರ್ಧದಷ್ಟನ್ನು ಇತರರ ಕಂಠಗಳನ್ನು ಮನಸ್ಸಿನಲ್ಲಿಟ್ಟು ಬರೆಯುತ್ತಾರೆಂದರೆ, ಅವರನ್ನು ಗಾಯಕಿ ಎನ್ನುವುದಕ್ಕಿಂತ ಮಾತು, ಸ್ವರ ಎರಡನ್ನೂ ತಾವೇ ಕಟ್ಟುವ ವಾಗ್ಗೇಯಕಾರ್ತಿ ಎನ್ನುವುದೇ ಸರಿ ಎಂದು ನನ್ನ ಎಣಿಕೆ. ಈ ಬಿರುದಿಗೆ ನೀವು ಆಕ್ಷೇಪಿಸುವಿರಿ ಎಂದು ಗೊತ್ತಿದ್ದೇ ಬರೆದಿದ್ದೇನೆ.

ತಮ್ಮನಿಗೆ ಹಾಡುಗಳ ಪಟ್ಟಿಯನ್ನು ಬೇರೆ ಕಳಿಸಿದ್ದೇನೆ. ಫೋನಿನಲ್ಲಿ ಬೇಡ, ಅವನ ಕೋಣೆಯ ದೊಡ್ಡ ಸ್ಪೀಕರಿನಲ್ಲಿ ಹಾಕಿಸಿಕೊಳ್ಳಿ. ಮೊದಲು ಮಾರುನೊಉಚಿ, ಆಮೇಲೆ ಆಯ್ ಅವರ ಹಾಡು, ಅನಂತರ ನೊಚ್ಚಿಯವರದು. ಪಕ್ಕದಲ್ಲಿ ಶ್ರುತಿ ಪೆಟ್ಟಿಗೆ ಇಟ್ಟುಕೊಂಡು ಆ ಕೈಶಿಕಿ ನಿಷಾದವನ್ನು ಹುಡುಕಿ, ಸಿಕ್ಕಿತೋ ಇಲ್ಲವೋ ಬರೆಯಿರಿ. ಅಮ್ಮನಿಗೆ ನನ್ನ ನಮಸ್ಕಾರಗಳು, ತಮ್ಮನಿಗೆ ಆಶೀರ್ವಾದಗಳು.

ಇತಿ ನಿಮ್ಮ ಮಗಳು,
ವಸುಧಾ