ಪ್ಯಾಕೆಟ್‌ನಲ್ಲಿರುವ ಜೀವ ಬದುಕಿದೆಯಾ ಅಂತ ಮೊದಲು ನೋಡಿ: ಕೃಷಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕೃಷಿ ಸಚಿವರೇ,

ನಮಸ್ಕಾರ. ಬೆಳೆ ಬರ ತಡೆದುಕೊಳ್ಳಲಿ ಅಂತ ಮಣ್ಣಿನ ಸೂಕ್ಷ್ಮಜೀವಿಗಳನ್ನು ಪ್ಯಾಕೆಟ್ ಮಾಡಿ ರೈತರಿಗೆ ಹಂಚುವ ಮಾತು ಈಗ ಎಲ್ಲ ಕಡೆ ಕೇಳಿಬರುತ್ತಿದೆ. ನಾನು ಅದರ ಪರ. ಪರವಾಗಿರುವುದರಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

ಹೋದ ಬೇಸಿಗೆಯಲ್ಲಿ ಎರಡು ಗಿಡ ಕಿತ್ತು ನೋಡಿದೆ. ಒಂದು, ಬದುವಿನ ಮೇಲೆ ತಾನಾಗಿ ಬೆಳೆದ ಹುಲ್ಲು. ಇನ್ನೊಂದು, ಹೊಲದ ನಡುವಿನ ಜೋಳ. ಹುಲ್ಲಿನ ಬೇರಿಗೆ ಕಾಲುಚೀಲ ತೊಡಿಸಿದ ಹಾಗೆ ಮಣ್ಣು ಅಂಟಿಕೊಂಡಿತ್ತು. ಎರಡು ಸಲ ಕೊಡವಿದೆ, ಉದುರಲಿಲ್ಲ. ಜೋಳದ ಬೇರು ಬರಿಗಾಲು. ಹಿಡಿದೆತ್ತಿದರೆ ಮಣ್ಣೆಲ್ಲ ಪುಡಿಪುಡಿಯಾಗಿ ಕೆಳಗೆ ಬಿತ್ತು. ಒಂದೇ ಬಿಸಿಲು, ನಡುವೆ ನಾಲ್ಕೇ ಹೆಜ್ಜೆ. ಹುಲ್ಲಿನ್ನೂ ಹಸಿರಾಗಿತ್ತು. ಜೋಳದ ಎಲೆ ಹತ್ತು ಗಂಟೆಗೇ ಸುರುಳಿ ಸುತ್ತಿತ್ತು.

ಇದೆಲ್ಲ ಸೂಕ್ಷ್ಮಜೀವಿಯ ಮಹಿಮೆ ಅಂತ ನಾನು ಹೇಳುವುದಿಲ್ಲ. ಬೇರುಕೂದಲಿಗೂ ಅದರಲ್ಲಿ ಪಾಲಿದೆ, ಬೇರು ಸುರಿಸುವ ಲೋಳೆಗೂ ಪಾಲಿದೆ. ಆದರೆ ಆ ಮಣ್ಣಿನ ಕಾಲುಚೀಲದೊಳಗೆ ಬ್ಯಾಕ್ಟೀರಿಯಾಗಳು ಒಸರುವ ಅಂಟೂ ಇರುತ್ತದೆ. ಅದು ಮಣ್ಣಿನ ಕಣಗಳನ್ನು ಕೂಡಿಸಿ ಹಿಡಿಯುತ್ತದೆ, ಬೇರಿನ ಸುತ್ತ ಸ್ವಲ್ಪ ಪಸೆ ಉಳಿಸುತ್ತದೆ. ಅಲ್ಲೇ ಮೈಕೊರೈಜಾ ಎಂಬ ಶಿಲೀಂಧ್ರದ ಎಳೆಗಳೂ ಇರುತ್ತವೆ. ಬೇರುಕೂದಲಿಗಿಂತ ತೆಳು. ಬೇರು ನುಗ್ಗಲಾಗದ ಸಂದಿಗೂ ಅವು ಹೋಗುತ್ತವೆ, ನೀರು, ರಂಜಕ ತಂದುಕೊಡುತ್ತವೆ, ಬದಲಿಗೆ ಗಿಡದಿಂದ ಸಕ್ಕರೆ ಪಡೆಯುತ್ತವೆ. ಮೈಕೊರೈಜಾ ಎಂಬ ಹೆಸರಿಟ್ಟಿದ್ದು ಜರ್ಮನಿಯ ಸಸ್ಯವಿಜ್ಞಾನಿ ಫ್ರಾಂಕ್, 1885ರಲ್ಲಿ. ಆದರೆ ಈ ಕೊಡುಕೊಳ್ಳುವಿಕೆ ಎಷ್ಟು ಹಳೆಯದು ಗೊತ್ತಾ? ಸ್ಕಾಟ್ಲೆಂಡಿನ ರೈನಿ ಎಂಬಲ್ಲಿ ಸಿಕ್ಕ, ಸುಮಾರು 40 ಕೋಟಿ ವರ್ಷ ಹಿಂದಿನ ಗಿಡದ ಪಳೆಯುಳಿಕೆಗಳಲ್ಲೂ ಇಂಥ ಶಿಲೀಂಧ್ರ ಇದೆ. ಆ ಗಿಡಗಳಿಗೆ ಸರಿಯಾದ ಬೇರೇ ಇರಲಿಲ್ಲ!

ಇನ್ನೊಂದು ವಿಷಯ ನನಗೆ ತುಂಬಾ ಹಿಡಿಸಿದ್ದು. ನೀರು ಸಾಲದಾದಾಗ ಗಿಡದ ಬೇರಿನಲ್ಲಿ ಎಸಿಸಿ ಎಂಬ ವಸ್ತು ಜಾಸ್ತಿಯಾಗುತ್ತದೆ, ಅದು ಎಥಿಲೀನ್ ಆಗುತ್ತದೆ. ಕಾಯಿ ಹಣ್ಣಾಗಿಸುವ ಅದೇ ಎಥಿಲೀನ್. ಅದು ಹೆಚ್ಚಾದರೆ ಬೇರಿನ ಬೆಳವಣಿಗೆ ಕುಂಟುತ್ತದೆ, ಎಲೆ ಬೇಗ ಹಳದಿಯಾಗುತ್ತದೆ. ನೀರು ಹುಡುಕಿಕೊಂಡು ಆಳಕ್ಕೆ ಇಳಿಯಬೇಕಾದ ಹೊತ್ತಿನಲ್ಲೇ ಬೇರು ನಿಂತುಬಿಟ್ಟರೆ ಹೇಗೆ? ಕೆಲವು ಬ್ಯಾಕ್ಟೀರಿಯಾಗಳು ಬೇರಿನಿಂದ ಜಿನುಗುವ ಎಸಿಸಿಯನ್ನೇ ಒಡೆದು ತಿಂದುಬಿಡುತ್ತವೆ. ಎಥಿಲೀನ್ ಕಡಿಮೆಯಾಗುತ್ತದೆ, ಬೇರು ಮುಂದೆ ಸಾಗುತ್ತದೆ. ಕೆನಡಾದ ವಿಜ್ಞಾನಿ ಬರ್ನಾರ್ಡ್ ಗ್ಲಿಕ್ ಮತ್ತು ಅವರ ಜೊತೆಗಾರರು 1998ರಲ್ಲಿ ಇದನ್ನು ಬಿಡಿಸಿ ತೋರಿಸಿದರು.

ಅಂದರೆ ವಿಜ್ಞಾನ ಗಟ್ಟಿಯಾಗೇ ಇದೆ. ತೊಂದರೆ ಇರುವುದು ಪ್ರಯೋಗಾಲಯದಿಂದ ಹೊಲದ ಸಾಲಿನವರೆಗಿನ ದಾರಿಯಲ್ಲಿ.

ನಾನೂ ಒಂದು ವರ್ಷ ಇಂಥ ಪ್ಯಾಕೆಟ್ ತಂದಿದ್ದೆ. ಕೊಡುವಾಗ ಅವು ಬಿಸಿಲು ಬೀಳುವ ಕಿಟಕಿ ಪಕ್ಕ ಪೇರಿಸಿದ್ದವು. ಮುಟ್ಟಿದರೆ ಬೆಚ್ಚಗಿತ್ತು. ನೆರಳಲ್ಲಿಡಬೇಕು ಅಂತ ಕವರಿನ ಮೇಲೇ ಬರೆದಿತ್ತು. ನಾನು ತಂದ ಬಿತ್ತನೆ ಬೀಜಕ್ಕೆ ಆಗಲೇ ಶಿಲೀಂಧ್ರನಾಶಕ ಸವರಿದ್ದರು, ಅದರ ಮೇಲೇ ಈ ಪುಡಿ ಹಚ್ಚಿ ಅಂದರು. ಹಚ್ಚಿದೆ. ಬೆಳೆಯಲ್ಲಿ ಒಂದಿಷ್ಟೂ ವ್ಯತ್ಯಾಸ ಕಾಣಲಿಲ್ಲ. ಕಾಣೋದಾದರೂ ಹೇಗೆ? ಒಳಗಿದ್ದ ಜೀವ ಹಚ್ಚುವ ಮೊದಲೇ ಸತ್ತಿರಬಹುದು, ಹಚ್ಚಿದ ಮೇಲೆ ಸತ್ತಿರಬಹುದು. ನನ್ನ ಸುತ್ತಮುತ್ತಲಿನವರು ಅವತ್ತಿನಿಂದ ಇದನ್ನು ಬೂದಿ ಅಂತ ಕರೆಯುತ್ತಾರೆ. ಒಂದು ಒಳ್ಳೆಯ ವಿದ್ಯೆಗೆ ಈ ಹೆಸರು ಬಂತಲ್ಲ ಅಂತ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಯೂರಿಯಾ ಚೀಲ ಬಿಸಿಲಲ್ಲಿಟ್ಟರೂ ಯೂರಿಯಾನೇ. ಇದು ಹಾಗಲ್ಲ, ಹಾಲಿನ ಹಾಗೆ. ಆದ್ದರಿಂದ ಎಷ್ಟು ಲಕ್ಷ ಪ್ಯಾಕೆಟ್ ಹಂಚಿದೆವು ಅಂತ ಲೆಕ್ಕ ಕೊಡಬೇಡಿ. ರೈತ ಬಿಚ್ಚುವ ದಿನ ಒಂದು ಗ್ರಾಂ ಪುಡಿಯಲ್ಲಿ ಎಷ್ಟು ಜೀವಾಣು ಬದುಕಿದ್ದವು, ಆ ಲೆಕ್ಕ ಕೊಡಿ. ತಯಾರಿಕೆಯ ಜಾಗದಲ್ಲಿ ಪರೀಕ್ಷೆ ಮಾಡಿದರೆ ಸಾಲದು. ಮಾರುವ ಜಾಗದಿಂದ, ರೈತರ ಮನೆಯಿಂದ ಮಾದರಿ ಎತ್ತಿಸಿ. ಸತ್ತ ಸರಕು ಸಿಕ್ಕರೆ ಆ ಬ್ಯಾಚ್ ಸಂಖ್ಯೆಯನ್ನು ಎಲ್ಲರಿಗೂ ಕಾಣುವಂತೆ ಹಾಕಿಸಿ.

ಎಲ್ಲ ಬೆಳೆಗೂ ಒಂದೇ ಪ್ಯಾಕೆಟ್ ಅನ್ನೋದನ್ನೂ ಬಿಡಬೇಕು. ಸಾಸಿವೆ, ಎಲೆಕೋಸಿನ ಜಾತಿಯ ಗಿಡಗಳು ಮೈಕೊರೈಜಾ ಜೊತೆ ಸಾಮಾನ್ಯವಾಗಿ ನಂಟು ಬೆಳೆಸುವುದೇ ಇಲ್ಲ. ಅವಕ್ಕೆ ಅದನ್ನು ಕೊಡೋದು ಸುಮ್ನೆ ದುಡ್ಡು ಚೆಲ್ಲಿದ ಹಾಗೆ. ಮಣ್ಣಿನಲ್ಲಿ ರಂಜಕ ಜಾಸ್ತಿ ಇದ್ದರೆ ಉಳಿದ ಬೆಳೆಗಳೂ ಆ ಶಿಲೀಂಧ್ರವನ್ನು ಹತ್ತಿರ ಸೇರಿಸುವುದು ಕಡಿಮೆ. ಒಂದು ಕೈಯಲ್ಲಿ ರಂಜಕದ ಗೊಬ್ಬರಕ್ಕೆ ಸಹಾಯಧನ, ಇನ್ನೊಂದು ಕೈಯಲ್ಲಿ ಮೈಕೊರೈಜಾ ಪ್ಯಾಕೆಟ್. ಎರಡೂ ಒಂದೇ ಹೊಲಕ್ಕೆ ಬಿದ್ದರೆ ಏನಾಗುತ್ತದೆ ಅಂತ ನಿಮ್ಮ ಅಧಿಕಾರಿಗಳನ್ನು ಕೇಳಿ ನೋಡಿ.

ಹೊರಗಿಂದ ತಂದ ಜೀವ ಹೊಸ ಮಣ್ಣಿನಲ್ಲಿ ನೆಲೆ ನಿಲ್ಲೋದು ಕಷ್ಟ. ಅಲ್ಲಿ ಆಗಲೇ ಇರುವವರು ಜಾಗ ಬಿಟ್ಟುಕೊಡುವುದಿಲ್ಲ. ಹಾಗಾಗಿ ಇರುವ ಜೀವವನ್ನು ಉಳಿಸಿಕೊಳ್ಳುವ ರೈತರಿಗೂ ಹಣ ಸಿಗಲಿ. ಮೇಲಿಂದ ಮೇಲೆ ಉಳುಮೆ ಮಾಡಿದರೆ ಶಿಲೀಂಧ್ರದ ಎಳೆಗಳು ಹರಿದುಹೋಗುತ್ತವೆ. ಹೊಲ ಬೋಳಾಗಿ ಬಿದ್ದಿದ್ದರೆ ಅವಕ್ಕೆ ಊಟ ಕೊಡುವ ಬೇರೇ ಇರುವುದಿಲ್ಲ. ಕಡಿಮೆ ಉಳುಮೆ, ಹೊದಿಕೆ, ಬೆಳೆಗಳ ನಡುವೆ ಒಂದು ಹಸಿರೆಲೆ ಬೆಳೆ. ಇದಕ್ಕೆ ಪ್ಯಾಕೆಟ್ ಇಲ್ಲ, ಉದ್ಘಾಟನೆಯೂ ಇಲ್ಲ. ಅದಕ್ಕೇ ಹಿಂದೆ ಬೀಳುತ್ತದೆ, ಅಲ್ವಾ?

ಒಂದು ಮಾತು ರೈತರಿಗೆ ನೇರವಾಗಿ ಹೇಳಿಬಿಡಿ: ಸೂಕ್ಷ್ಮಜೀವಿ ನೀರು ಹುಟ್ಟಿಸುವುದಿಲ್ಲ. ಎರಡು ಮಳೆಯ ನಡುವೆ ಬೆಳೆಗೆ ಕೆಲವು ದಿನ ಉಸಿರು ಹಿಡಿಸಬಹುದು, ಅಷ್ಟೇ. ಮಳೆ ಪೂರ್ತಿ ಕೈಕೊಟ್ಟರೆ ಯಾವ ಬ್ಯಾಕ್ಟೀರಿಯಾನೂ ಕಾಪಾಡುವುದಿಲ್ಲ. ಕೆರೆಯ ಹೂಳು ತೆಗೆಸುವ ಹಣವನ್ನು ಇದಕ್ಕೆ ತಿರುಗಿಸಬೇಡಿ.

ಹಂಚುವ ಮೊದಲು ರೈತರ ಹೊಲದಲ್ಲೇ ಪರೀಕ್ಷೆ ಮಾಡಿಸಿ. ಮಳೆ ಚೆನ್ನಾದ ವರ್ಷದ ಫಲಿತಾಂಶ ತೋರಿಸಿ ಬರಕ್ಕೆ ಮದ್ದು ಅನ್ನಬೇಡಿ, ಒಣ ವರ್ಷವೂ ದಾಟಲಿ. ಫಲ ಕೊಡದ ಕಡೆಯ ಲೆಕ್ಕವನ್ನೂ ಪ್ರಕಟಿಸಿ. ಜಾಗ ಬೇಕಾದರೆ ನನ್ನ ಹೊಲದಲ್ಲಿ ಎರಡು ಪಟ್ಟಿ ಬಿಟ್ಟುಕೊಡುತ್ತೇನೆ. ಒಂದಕ್ಕೆ ಪುಡಿ ಹಾಕಿ, ಇನ್ನೊಂದನ್ನು ಹಾಗೇ ಬಿಡಿ. ಕಟಾವಿನ ದಿನ ಯಾರಾದರೂ ಬಂದು ಎರಡೂ ಪಟ್ಟಿಯ ಬೇರು ಕಿತ್ತು ನೋಡಲಿ.

ಇಂತಿ,
ಮಳೆಯಾಶ್ರಿತ ರೈತರಲ್ಲೊಬ್ಬ