ತೋಟಕ್ಕೆ ಕಟ್ಟಿದ ಬೆಲೆಯನ್ನು ತೋಟದವನಿಗೂ ತೋರಿಸಿ

ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರಿಗೆ,

ನಮಸ್ಕಾರ ಮೇಡಂ. ನೀವು ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋದವರು. ಆ ಸಲಿಗೆಯಿಂದ ಈ ಪತ್ರ ಬರೆಯುತ್ತಿದ್ದೇನೆ. ನಾನು ಸಕಲೇಶಪುರದ ಕಡೆಯ ಸಣ್ಣ ಕಾಫಿ ಬೆಳೆಗಾರ.

ಸಾಲ ಸುಸ್ತಿಯಾದ ತೋಟಗಳನ್ನು ಬ್ಯಾಂಕುಗಳು ಸರ್ಫೇಸಿ ಕಾಯ್ದೆಯಡಿ (ಅಡವಿಟ್ಟ ಆಸ್ತಿಯನ್ನು ಕೋರ್ಟಿಗೆ ಹೋಗದೆ ಬ್ಯಾಂಕೇ ಮಾರಲು ಬಿಡುವ ಕಾಯ್ದೆ) ಆನ್‌ಲೈನ್ ಹರಾಜಿಗೆ ಹಾಕುತ್ತಿವೆ. ಕೃಷಿ ಭೂಮಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಕಾಫಿ ತೋಟ ಕೃಷಿ ಭೂಮಿಯೋ ಪ್ಲಾಂಟೇಶನ್ನೋ ಎಂಬ ಜಗಳ ಹಳೆಯದು, ಅದನ್ನು ಇಲ್ಲಿ ಎತ್ತುವುದಿಲ್ಲ. ಸಾಲ ಮನ್ನಾ ಮಾಡಿ ಅಂತಲೂ ಕೇಳುವುದಿಲ್ಲ. ಬ್ಯಾಂಕಿನಲ್ಲಿರುವುದು ಜನರ ದುಡ್ಡು, ವಾಪಸ್ ಬರಲೇಬೇಕು. ಆದರೆ ತೋಟಕ್ಕೆ ಎಷ್ಟು ಬೆಲೆ ಕಟ್ಟಿದಿರಿ, ಹೇಗೆ ಕಟ್ಟಿದಿರಿ ಎಂದು ಹರಾಜಿಗೆ ಮುಂಚೆ ನಮಗೆ ತೋರಿಸಬೇಕಲ್ವಾ?

ಈ ಕಾಯ್ದೆಯ 2002ರ ಜಾರಿ ನಿಯಮಗಳ 8(5) ನೋಡಿ. ಮಾನ್ಯತೆ ಪಡೆದ ಮೌಲ್ಯಮಾಪಕರಿಂದ ವರದಿ ತರಿಸಿಕೊಂಡು, ಸಾಲ ಕೊಟ್ಟ ಬ್ಯಾಂಕಿನ ಜೊತೆ ಸಮಾಲೋಚಿಸಿ, ಬ್ಯಾಂಕಿನ ಅಧಿಕೃತ ಅಧಿಕಾರಿ ಮೀಸಲು ಬೆಲೆ, ಅಂದರೆ ಹರಾಜಿನಲ್ಲಿ ಅದಕ್ಕಿಂತ ಕಡಿಮೆಗೆ ಮಾರಬಾರದ ಬೆಲೆ, ಗೊತ್ತು ಮಾಡಬೇಕು. ಈ ಮಾತುಕತೆಯಲ್ಲಿ ತೋಟದ ಮಾಲೀಕನಿಗೆ ಜಾಗವೇ ಇಲ್ಲ. ವರದಿಯ ಪ್ರತಿಯನ್ನು ಅವನಿಗೆ ಕೊಡಿ ಎಂದೂ ಅಲ್ಲಿ ಬರೆದಿಲ್ಲ.

ಕಾಫಿ ತೋಟವನ್ನು ಸೈಟಿನ ಹಾಗೆ ಅಳೆಯಲು ಆಗುವುದಿಲ್ಲ ಮೇಡಂ. ಒಂದೇ ಸರ್ವೆ ನಂಬರಿನ ಎರಡು ತುಂಡಿಗೆ ಬೆಲೆ ಬೇರೆ ಬೇರೆ. ಕಾಫಿ ಹೂ ಅರಳಿಸುವ ಹೂ ಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್ ಹಾಕಲು ಕೆರೆ ಇದೆಯಾ? ರೋಬಸ್ಟಾನಾ, ಅರೇಬಿಕಾನಾ? ಅರೇಬಿಕಾ ಆದರೆ ಕಾಂಡಕೊರಕ ಎಷ್ಟು ಗಿಡ ತಿಂದಿದೆ? ಸಿಲ್ವರ್ ಮರಗಳ ವಯಸ್ಸು, ಮೆಣಸಿನ ಬಳ್ಳಿ, ಕಣ, ಕೆಲಸದವರ ಲೈನ್ ಮನೆ, ಲಾರಿ ಹೋಗುವ ದಾರಿ, ಎಲ್ಲವೂ ಲೆಕ್ಕಕ್ಕೆ ಬರಬೇಕು. ನನ್ನ ಸಂಬಂಧಿಕರೊಬ್ಬರ ತೋಟಕ್ಕೆ ಸಾಲ ಕೊಡುವಾಗ ಬ್ಯಾಂಕು ಇವನ್ನೆಲ್ಲ ಎಣಿಸಿತ್ತು. ಹರಾಜಿನ ಹೊತ್ತಿಗೆ ಬಂದ ವರದಿಯಲ್ಲಿ ಎಕರೆಗೆ ಇಷ್ಟು ಎಂಬ ಒಂದೇ ಸಾಲು. ಆ ವರದಿ ಅವರ ಕೈಗೆ ಸಿಕ್ಕಿದ್ದು ಡಿಆರ್‌ಟಿ, ಅಂದರೆ ಸಾಲ ವಸೂಲಾತಿ ನ್ಯಾಯಮಂಡಳಿಯ, ಮೆಟ್ಟಿಲು ಹತ್ತಿದ ಮೇಲೆ.

ಕಾಲದ ಮಾತೂ ಇದೆ. 2018 ಮತ್ತು 2019ರ ಮಹಾಮಳೆಯಲ್ಲಿ ಮಲೆನಾಡು, ಕೊಡಗು ನಲುಗಿದವು. ಕಾಫಿಗೂ ಆಗ ರೇಟಿರಲಿಲ್ಲ. ಸಾಲ ಕಟ್ಟಲಾಗದೆ ಕುಸಿದವರಲ್ಲಿ ಅನೇಕರು ಆ ದಿನಗಳವರು. 2024ರ ಹೊತ್ತಿಗೆ ಕಾಫಿ ದಾಖಲೆ ಬೆಲೆ ಕಂಡಿತು. ಕೆಟ್ಟ ಕಾಲದ ವರದಿ ಇಟ್ಟುಕೊಂಡು ಒಳ್ಳೆಯ ಕಾಲದಲ್ಲಿ ಮಾರಿದರೆ ಲಾಭ ಕೊಂಡವನಿಗೆ. ಮಾರಿದ ಮೇಲೂ ಸಾಲ ಉಳಿದರೆ ಬ್ಯಾಂಕು ಮತ್ತೆ ಸಾಲಗಾರನ ಹಿಂದೆಯೇ ಬರುತ್ತದೆ. ಕಾಯ್ದೆಯ 13(10) ಅದಕ್ಕೆ ದಾರಿ ಕೊಟ್ಟಿದೆ. ಅಂದರೆ ಕಡಿಮೆ ಬೆಲೆಯ ಪೂರ್ತಿ ಹೊರೆ ತೋಟ ಕಳೆದುಕೊಂಡವನ ತಲೆ ಮೇಲೆ.

ತಕರಾರು ತೆಗೆಯಲು ಡಿಆರ್‌ಟಿ ಇದೆಯಲ್ಲ ಎನ್ನಬಹುದು. ಅದು ಇರುವುದು ಬೆಂಗಳೂರಿನಲ್ಲಿ. ಅಲ್ಲಿ ಸೋತು ಚೆನ್ನೈನ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕಾದರೆ ಬಾಕಿಯ ಅರ್ಧದಷ್ಟು ಹಣ ಠೇವಣಿ ಇಡಬೇಕು, ನ್ಯಾಯಮಂಡಳಿ ಮನಸ್ಸು ಮಾಡಿದರೂ ಕಾಲು ಭಾಗಕ್ಕಿಂತ ಕೆಳಗಿಳಿಯುವುದಿಲ್ಲ. ತೋಟವೇ ಹೋಗುತ್ತಿರುವಾಗ ಅಷ್ಟು ದುಡ್ಡು ಎಲ್ಲಿಂದ ತರುವುದು?

ನನಗೆ ಇದಕ್ಕಿಂತ ಜಾಸ್ತಿ ನೋವು ಕೊಡುವುದು ಇನ್ನೊಂದು. 2016ರ ತಿದ್ದುಪಡಿಯ ನಂತರ, ಹರಾಜಿನ ಪ್ರಕಟಣೆ ಹೊರಬಿದ್ದ ಮೇಲೆ ಬಾಕಿ ಪೂರ್ತಿ ಕಟ್ಟಿ ಆಸ್ತಿ ಬಿಡಿಸಿಕೊಳ್ಳುವ ಹಕ್ಕು ಉಳಿಯುವುದಿಲ್ಲ. 2023ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಎಷ್ಟೋ ಸಲ ನಮಗೆ ಮೀಸಲು ಬೆಲೆ ಮೊದಲು ಗೊತ್ತಾಗುವುದೇ ಆ ಪ್ರಕಟಣೆಯಲ್ಲಿ. ಮುಂಚೆಯೇ ತಿಳಿದಿದ್ದರೆ ಒಂದು ತುಂಡು ಮಾರಿ ಉಳಿದದ್ದನ್ನು ಉಳಿಸಿಕೊಳ್ಳಲು ನೋಡಬಹುದಿತ್ತು. ಅಣ್ಣತಮ್ಮಂದಿರನ್ನು ಸೇರಿಸಿ ಹಣ ಹೊಂದಿಸಬಹುದಿತ್ತು.

50 ಕೋಟಿ ಮತ್ತು ಅದಕ್ಕೆ ಮೇಲ್ಪಟ್ಟ ಆಸ್ತಿಗೆ ಕನಿಷ್ಠ ಇಬ್ಬರು ಸ್ವತಂತ್ರ ಮೌಲ್ಯಮಾಪಕರು ಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಹತ್ತು ಎಕರೆಯವನಿಗೆ ಎರಡನೇ ಅಭಿಪ್ರಾಯ ಬೇಡವೇ?

ಇದಕ್ಕೆ ಹೊಸ ಮಸೂದೆಯೇನೂ ಬೇಕಿಲ್ಲ. ನಿಯಮ ಮಾಡುವ ಅಧಿಕಾರವನ್ನು ಕಾಯ್ದೆಯೇ ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. 8(5)ಕ್ಕೆ ನಾಲ್ಕು ಸಾಲು ಸೇರಿಸಿ. ಪ್ರಕಟಣೆಗೆ ಕನಿಷ್ಠ 30 ದಿನ ಮುಂಚೆ ವರದಿಯ ಪೂರ್ತಿ ಪ್ರತಿ ಸಾಲಗಾರನಿಗೆ ಸಿಗಲಿ, ಕನ್ನಡದಲ್ಲಿ ಸಾರಾಂಶವೂ ಇರಲಿ. ವರದಿ ಆರು ತಿಂಗಳಿಗಿಂತ ಹಳೆಯದಾಗಿರಬಾರದು. ಅವನು ತನ್ನ ಖರ್ಚಿನಲ್ಲಿ ಇನ್ನೊಬ್ಬ ಮಾನ್ಯ ಮೌಲ್ಯಮಾಪಕರ ವರದಿ ತಂದರೆ, ಅದನ್ನು ಯಾಕೆ ಒಪ್ಪಲಿಲ್ಲ ಎಂದು ಅಧಿಕಾರಿ ಬರವಣಿಗೆಯಲ್ಲಿ ಕಾರಣ ಕೊಡಲಿ. ಈ ತಿದ್ದುಪಡಿ ಬರುವ ತನಕ, ವರದಿಯ ಪ್ರತಿ ಕೊಡದೆ ಯಾವ ತೋಟವನ್ನೂ ಹರಾಜಿಗೆ ಇಡಬೇಡಿ ಎಂದು ಸರ್ಕಾರಿ ಬ್ಯಾಂಕುಗಳಿಗೆ ನಿಮ್ಮ ಇಲಾಖೆಯಿಂದ ಒಂದು ಸೂಚನೆ ಕಳುಹಿಸಿ.

ಇಂತಿ,
ಹಾಸನ ಜಿಲ್ಲೆಯ ಒಬ್ಬ ಕಾಫಿ ಬೆಳೆಗಾರ